ಕೆರೆಯ ಜೊಂಡು ತೆಗೆಸಬಹುದೇ?

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಯಂಚಿನ ಜೊಂಡನ್ನೆಲ್ಲ ಜೆಸಿಬಿಯಿಂದ ತೆಗೆಸಬೇಕೆನ್ನುತ್ತಾರೆ ಸಂಘದವರು. ಹಕ್ಕಿಗಳಿಗೆ ತೊಂದರೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ. ನೇರಳೆ ಜಂಬುಕೋಳಿ, ನಾಮದ ಕೋಳಿಗಳು ಗೂಡು ಕಟ್ಟುವುದೇ ಅದರ ನಡುವೆ. ಗುಳುಮುಳುಕದ ಗೂಡಂತೂ ನೀರಸಸ್ಯಕ್ಕೆ ಅಂಟಿಕೊಂಡು ತೇಲುತ್ತಿರುತ್ತದೆ. ಮಳೆಗಾಲದಲ್ಲಿ ಕೈಹಾಕಲೇಬೇಡಿ. ಬೇಸಿಗೆಯಲ್ಲೂ ಮೊದಲು ಗೂಡು ಹುಡುಕಿ, ಮೂರರಲ್ಲೊಂದು ಪಾಲು ಮಾತ್ರ ಕುಡುಗೋಲಿನಿಂದ ಕೊಯ್ಯಿಸಿ. ನೀರಿನ ಮೇಲೆ ಒಂದಡಿ ಬುಡ ಉಳಿಯಲಿ. ನೀರೊಳಗೆ ಕತ್ತರಿಸಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಯ್ದದ್ದನ್ನು ಅಂದೇ ಸಾಗಿಸಿ. ದಡದಲ್ಲೇ ಬಿಟ್ಟರೆ ಸಾರವೆಲ್ಲ ನೀರಿಗಿಳಿದು ಪಾಚಿ ಹೆಚ್ಚುತ್ತದೆ. ಜೆಸಿಬಿಯಂತೂ ಬೇಡ: ಇಳಿಜಾರು ದಡ ಕಡಿದಾದರೆ ಕೆಸರಲ್ಲಿ ಮೇಯುವ ಉದ್ದಕಾಲಿನ ಹಕ್ಕಿಗಳಿಗೆ ನಿಲ್ಲಲು ಜಾಗವಿರದು. ನೇರಳೆ ಹೂವಿನ ಅಂತರಗಂಗೆಯ ಮಾತು ಬೇರೆ, ಅದು ಹೊರಗಿನ ಕಳೆ. ಗೂಡಿಲ್ಲವೆಂದು ನೋಡಿಕೊಂಡು ಬೇರುಸಹಿತ ತೆಗೆಸಿ.