ಜೂಲಿಯೆಟ್ ಅರ್ಥವಾಗದೆ ಬಂದ ಹುಡುಗಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಐಚ್ಛಿಕ ಇಂಗ್ಲಿಷ್ ಬಿಟ್ಟುಬಿಡಬೇಕು ಅಂತ ನಿರ್ಧಾರ ಮಾಡಿಕೊಂಡೇ ಬಂದಿದ್ದಳು. ಕಾರಣ, ಪಠ್ಯವಾಗಿದ್ದ ಶೇಕ್ಸ್‌ಪಿಯರ್‌ನ ನಾಟಕ ‘ರೋಮಿಯೋ ಅಂಡ್ ಜೂಲಿಯೆಟ್’.

"ಒಂದು ಪುಟಕ್ಕೆ ಒಂದು ಗಂಟೆ ಕೂತ್ರೂ ತಲೆಗೆ ಹತ್ತಲ್ಲ ಮೇಡಂ. ನಂಗೆ ಇಂಗ್ಲಿಷೇ ಬರಲ್ಲ ಅನ್ಸುತ್ತೆ."

ನಿದ್ದೆ ಕಡಿಮೆಯಾಗಿತ್ತು. ತರಗತಿ ತಪ್ಪಿಸುತ್ತಿದ್ದಳು. ಮನೆ, ಊಟ, ಗೆಳತಿಯರ ವಿಷಯ ಕೇಳಿದೆ. ಬೇರೆ ತೊಂದರೆ ಕಾಣಲಿಲ್ಲ. ಹಾಗಾಗಿ ಪುಸ್ತಕವನ್ನೇ ತಗೊಂಡು ಬಾ ಎಂದೆ.

ಅಂಚಿನ ತುಂಬ ಪೆನ್ಸಿಲ್ ಬರಹ. ‘ಸಾಫ್ಟ್’ ಎದುರು ‘ಮೃದು’. ‘ಫಾಂಡ್’ ಎದುರು ‘ಇಷ್ಟ’. ‘ನೈಸ್’ ಎದುರು ‘ಚೆನ್ನಾದ’. ಎಲ್ಲವೂ ಇಂದಿನ ನಿಘಂಟಿನ ಅರ್ಥಗಳು. ಕಿಟಕಿಯ ಬೆಳಕು ಕಂಡು ರೋಮಿಯೋ ‘ಸಾಫ್ಟ್’ ಎಂದರೆ ‘ತಾಳು’ ಅಂತ. ಪಾದ್ರಿ ಅವನನ್ನು ‘ಫಾಂಡ್’ ಎನ್ನುವುದು ಪೆದ್ದ ಎನ್ನುವ ಅರ್ಥದಲ್ಲಿ. ಜಗಳ ಎಷ್ಟು ‘ನೈಸ್’ ಎಂದು ರೋಮಿಯೋನ ಗೆಳೆಯ ಬೆನ್ವೋಲಿಯೋ ಹೇಳುವಾಗ, ಎಷ್ಟು ಕ್ಷುಲ್ಲಕ ಅಂತ. ಈ ನಾಟಕ ಮೊದಲು ಅಚ್ಚಾಗಿದ್ದು 1597ರಲ್ಲಿ. ಹುಡುಗಿಗೆ ತೊಡಕಾಗಿದ್ದು ಗೊತ್ತಿಲ್ಲದ ಪದಗಳಿಗಿಂತ ಜಾಸ್ತಿ, ಗೊತ್ತಿದೆ ಅಂದುಕೊಂಡ ಪದಗಳು.

"ಕುಮಾರವ್ಯಾಸನನ್ನ ಓದುವಾಗ ಟಿಪ್ಪಣಿ ನೋಡ್ತೀಯಲ್ಲಮ್ಮ, ಆಗ ಕನ್ನಡ ಬರಲ್ಲ ಅಂತ ಅಳ್ತೀಯಾ?" ಎಂದೆ. ಸುಮ್ಮನಾದಳು.

ಆಮೇಲೆ ಮೂರನೇ ಅಂಕದ ಎರಡನೇ ದೃಶ್ಯ ತೆಗೆದೆವು. ಅಂದೇ ಮದುವೆಯಾದ ಜೂಲಿಯೆಟ್ ರಾತ್ರಿಗಾಗಿ ಕಾಯುತ್ತಾ, ಸೂರ್ಯನ ಕುದುರೆಗಳಿಗೆ ಬೇಗ ಓಡಿ ಅನ್ನುತ್ತಾಳೆ. ಫೇಥಾನ್‌ನಂಥ ಸಾರಥಿ ಇದ್ದಿದ್ದರೆ ನಿಮ್ಮನ್ನು ಹೊಡೆದುಕೊಂಡು ಪಡುವಣಕ್ಕೆ ಓಡಿಸುತ್ತಿದ್ದ ಅನ್ನುತ್ತಾಳೆ. ಫೇಥಾನ್ ಎದುರು ಇವಳು ‘ಗ್ರೀಕ್ ಹೆಸರು’ ಅಂತಷ್ಟೇ ಬರೆದಿದ್ದಳು. ಕಥೆ ಹೇಳಿದೆ. ಸೂರ್ಯದೇವನ ಮಗ. ಹಟ ಹಿಡಿದು ಅಪ್ಪನ ರಥ ಏರಿದ. ಕುದುರೆಗಳು ಕೈಮೀರಿದವು, ಭೂಮಿ ಸುಡತೊಡಗಿತು, ದೇವತೆಗಳ ರಾಜ ಜುಪಿಟರ್ ಸಿಡಿಲು ಹೊಡೆದು ಅವನನ್ನು ಕೊಂದ.

"ನಮ್ಮ ಸೂರ್ಯನಿಗೂ ಏಳು ಕುದುರೆ ಅಲ್ವಾ ಮೇಡಂ," ಎಂದವಳು ತಟ್ಟನೆ ನಿಂತಳು. "ಹಂಗಾದ್ರೆ ಅವಸರಪಟ್ಟು ಸತ್ತವನನ್ನೇ ಕರೀತಿದ್ದಾಳಲ್ಲ!"

ಹೌದು. ಅದೂ ರೋಮಿಯೋ ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್‌ನನ್ನು ಕೊಂದಿದ್ದನ್ನು ನಾವು ಹಿಂದಿನ ದೃಶ್ಯದಲ್ಲೇ ನೋಡಿಯಾಗಿದೆ. ಜೂಲಿಯೆಟ್‌ಗೆ ಮಾತ್ರ ಗೊತ್ತಿಲ್ಲ. ಆ ಹೆಸರು ಗೊತ್ತಿದ್ದವರಿಗೆ ಅವಳ ಸಂಭ್ರಮ ಕೇಳುವಾಗಲೇ ಭಯವಾಗುತ್ತದೆ. ಅಂದಿನ ಶಾಲೆಗಳಲ್ಲಿ ಹುಡುಗರು ಈ ಕಥೆ ಹೇಳಿದ ರೋಮನ್ ಕವಿ ಓವಿಡ್‌ನನ್ನು ಲ್ಯಾಟಿನ್‌ನಲ್ಲಿ ಓದುತ್ತಿದ್ದರು. 1567ರ ಹೊತ್ತಿಗೆ ಅವನ ಕಥೆಗಳು ಇಂಗ್ಲಿಷಿನಲ್ಲೂ ಪೂರ್ತಿ ಬಂದಿದ್ದವು. ನೋಡುಗರಲ್ಲಿ ಅನೇಕರಿಗೆ ಇದು ಪರಿಚಿತ ಕಥೆ.

ನಾನು ಕೊಟ್ಟ ಸಲಹೆ ಇಷ್ಟು. ಇಂದಿನ ನಿಘಂಟು ಪಕ್ಕಕ್ಕಿಡು. ಪುಟದಲ್ಲೇ ಟಿಪ್ಪಣಿ ಇರುವ ಆವೃತ್ತಿ ಗ್ರಂಥಾಲಯದಿಂದ ತಗೋ. ಮೊದಲ ಸಲ ಯಾವ ಪದಕ್ಕೂ ನಿಲ್ಲದೆ ದೃಶ್ಯ ಓದು, ಯಾರಿಗೆ ಏನು ಬೇಕಾಗಿದೆ ಅಂತ ಮಾತ್ರ ನೋಡು. ಪುರಾಣದ ಹೆಸರು ಬಂದರೆ ಎರಡೇ ಪ್ರಶ್ನೆ: ಅವನಿಗೆ ಕೊನೆಗೆ ಏನಾಯಿತು, ಇವರು ಈಗ ಯಾಕೆ ನೆನೆಯುತ್ತಿದ್ದಾರೆ. ಗೆಳತಿಯೊಬ್ಬಳನ್ನು ಜೊತೆಗಿಟ್ಟುಕೊಂಡು, ಗಮಕದಲ್ಲಿ ಮಾಡುವ ಹಾಗೆ, ಒಬ್ಬರು ಓದಿ, ಒಬ್ಬರು ಕನ್ನಡದಲ್ಲೇ ಅರ್ಥ ಹೇಳಿ. ರಾತ್ರಿ ಹತ್ತರ ಮೇಲೆ ಪುಸ್ತಕ ಮುಟ್ಟಬೇಡ. ಐಚ್ಛಿಕ ಬಿಡುವ ಮಾತನ್ನು ಕಿರುಪರೀಕ್ಷೆ ಆಗುವವರೆಗೆ ಮುಂದಕ್ಕೆ ಹಾಕು.

ಆಗಿನ ಇಂಗ್ಲಿಷಿನ ‘ದೌ’ (ಏಕವಚನ) ಮತ್ತು ‘ಯೂ’ (ಬಹುವಚನ) ವಿಚಾರದಲ್ಲಿ ಅವಳಿಗೆ ಹೆಚ್ಚು ಹೇಳಬೇಕಾಗಲಿಲ್ಲ. ನಮ್ಮ ‘ನೀನು’, ‘ನೀವು’ ಹತ್ತಿರಹತ್ತಿರ ಅದೇ ಕೆಲಸ ಮಾಡುತ್ತವೆ. ಟಿಬಾಲ್ಟ್ ರೋಮಿಯೋನನ್ನು ಏಕವಚನದಲ್ಲಿ ಬೈಯುವ ಸಾಲು ತೋರಿಸಿದ ಕೂಡಲೇ ಹಿಡಿದುಬಿಟ್ಟಳು. ಇಂಗ್ಲಿಷ್ ಮಾಧ್ಯಮದ ಸಹಪಾಠಿಗಳಿಗೆ ಇದನ್ನು ನೀನೇ ಹೇಳಿಕೊಡಬಹುದು ಎಂದಾಗ ಮೊದಲ ಸಲ ನಕ್ಕಳು.

ಮುಂದಿನ ಭೇಟಿಗೆ ಕೊಟ್ಟ ಕೆಲಸ: ಮೂರನೇ ಅಂಕದ ಐದನೇ ದೃಶ್ಯದಲ್ಲಿ ಮದುವೆಗೆ ಒಪ್ಪದ ಮಗಳ ಮೇಲೆ ಅಪ್ಪ ರೇಗುತ್ತಾನೆ, ಮಗಳು ಮೊಣಕಾಲೂರಿ ಬೇಡುತ್ತಾಳೆ. ಯಾರು ಯಾರನ್ನು ‘ನೀನು’ ಅನ್ನುತ್ತಾರೆ, ಯಾರು ‘ನೀವು’ ಅನ್ನುತ್ತಾರೆ, ಗುರುತು ಹಾಕಿಕೊಂಡು ಬರಬೇಕು.