ಕಿವಿಯಿಂದ ಓದುವವರಿಗೆ ಮನೆಯಲ್ಲೇ ಒಂದು ಫೀಡ್ ರೀಡರ್

ಪ್ರಶ್ನೆ: ನಾನು ಮಂಡ್ಯದಲ್ಲಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಗ್ಲಾಕೋಮಾದಿಂದ ದೃಷ್ಟಿ ಬಹುಮಟ್ಟಿಗೆ ಹೋಗಿರುವುದರಿಂದ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಹಾಕಿಕೊಂಡು ಓದುತ್ತೇನೆ. ಸುದ್ದಿತಾಣಗಳನ್ನು ನೇರವಾಗಿ ತೆರೆದರೆ ಜಾಹೀರಾತುಗಳ ನಡುವೆ ಲೇಖನ ಹುಡುಕುವುದೇ ಕಷ್ಟವಾದ್ದರಿಂದ ಹಲವು ತಾಣಗಳ ಹೊಸ ಲೇಖನಗಳನ್ನು ಒಂದೇ ಪಟ್ಟಿಯಲ್ಲಿ ತಂದುಕೊಡುವ ಆನ್‌ಲೈನ್ ಫೀಡ್ ರೀಡರ್ ಒಂದನ್ನು ಕೆಲವು ವರ್ಷ ಬಳಸಿದೆ. ಈಚೆಗೆ ಅವರು ವಿನ್ಯಾಸ ಬದಲಿಸಿದ ಮೇಲೆ ಅರ್ಧಕ್ಕರ್ಧ ಬಟನ್‌ಗಳಿಗೆ ಹೆಸರೇ ಇಲ್ಲ. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪಿನಲ್ಲಿ ನನ್ನದೇ ಫೀಡ್ ರೀಡರ್ ನಡೆಸಬಹುದೇ? ಮಗ ಬೆಂಗಳೂರಿನಲ್ಲಿದ್ದಾನೆ, ಹಬ್ಬಕ್ಕೆ ಬಂದಾಗಷ್ಟೇ ಅವನ ಸಹಾಯ ಸಿಗುತ್ತದೆ. ಮೈಸೂರಿನ ತಂಗಿಯ ಮನೆಗೆ ಹೋದಾಗಲೂ ಮೊಬೈಲಿನಲ್ಲಿ ಅದನ್ನೇ ಓದಲು ಆಗುತ್ತದೆಯೇ?

ಉತ್ತರ: ಎರಡೂ ಸಾಧ್ಯ, ಹಳೆಯ ಲ್ಯಾಪ್‌ಟಾಪೇ ಸಾಕು. ಆದರೆ ಕೆಲಸಕ್ಕೆ ಕೈಹಾಕುವ ಮೊದಲು, ಈಗಿನ ಸೇವೆಯ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಚಂದಾಪಟ್ಟಿಯನ್ನು ಒಪಿಎಂಎಲ್ ಕಡತವಾಗಿ ಇಳಿಸಿಟ್ಟುಕೊಳ್ಳಿ. ಆ ಬಟನ್ ಸಿಗದಿದ್ದರೆ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡಾದರೂ ಇದನ್ನು ಈ ವಾರದಲ್ಲೇ ಮುಗಿಸಿ. ನೀವು ವರ್ಷಗಳಿಂದ ಕೂಡಿಸಿದ ತಾಣಗಳ ವಿಳಾಸಗಳೆಲ್ಲ ಆ ಒಂದೇ ಕಡತದಲ್ಲಿರುತ್ತವೆ, ಮತ್ತು ಅದನ್ನು ಯಾವ ಫೀಡ್ ರೀಡರ್ ಬೇಕಾದರೂ ಓದಿಕೊಳ್ಳುತ್ತದೆ. ಲಕ್ಷಾಂತರ ಜನ ನೆಚ್ಚಿಕೊಂಡಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದಾಗ, ತಮ್ಮ ಪಟ್ಟಿಯನ್ನು ಹೀಗೆ ಇಳಿಸಿಕೊಂಡಿದ್ದವರು ಬೇರೆ ಕಡೆಗೆ ಸಲೀಸಾಗಿ ಹೋದರು.

ನಿಮಗಾದ ತೊಂದರೆಯ ಬೇರು ಎಲ್ಲಿದೆ ಎಂದು ನೋಡೋಣ. ಆರ್‌ಎಸ್‌ಎಸ್ ಫೀಡ್ ಎಂಬುದು 1999ರಿಂದ ಬಳಕೆಯಲ್ಲಿರುವ, ಯಾರೊಬ್ಬರ ಸ್ವತ್ತೂ ಅಲ್ಲದ ಸರಳ ಪಠ್ಯ ಕಡತ. ಅದರಲ್ಲಿ ಲೇಖನದ ಶೀರ್ಷಿಕೆ, ದಿನಾಂಕ, ಕೊಂಡಿ ಮತ್ತು ಸಾರಾಂಶ ಅಥವಾ ಪೂರ್ಣ ಪಾಠ ಇರುತ್ತವೆ. ಕೆಟ್ಟದ್ದು ಫೀಡ್ ಅಲ್ಲ, ಅದನ್ನು ನಿಮಗೆ ತೋರಿಸುವ ಪುಟ. ಆ ಪುಟ ಇನ್ನೊಬ್ಬರ ಸರ್ವರಿನಲ್ಲಿರುವವರೆಗೆ ಅದನ್ನು ಯಾವಾಗ, ಹೇಗೆ ಬದಲಿಸಬೇಕು ಎಂಬ ತೀರ್ಮಾನ ಅವರದ್ದು. ಕಣ್ಣಿನಿಂದ ಓದುವವರಿಗೆ ಹೊಸ ವಿನ್ಯಾಸ ಒಂದೆರಡು ದಿನದ ಕಿರಿಕಿರಿ. ಕಿವಿಯಿಂದ ಓದುವವರಿಗೆ ತಿಂಗಳುಗಟ್ಟಲೆ ಬೆರಳಿಗೆ ರೂಢಿಯಾದ ದಾರಿಯೇ ಕೈತಪ್ಪುತ್ತದೆ. ಮನೆಯಲ್ಲೇ ಸರ್ವರ್ ಇಟ್ಟುಕೊಳ್ಳುವುದರ ನಿಜವಾದ ಲಾಭ ಇಲ್ಲಿದೆ: ನೀವು ಒಪ್ಪುವ ತನಕ ಏನೂ ಬದಲಾಗುವುದಿಲ್ಲ.

ಓದುವುದು ಒಂದೇ ಲ್ಯಾಪ್‌ಟಾಪಿನಲ್ಲಾಗಿದ್ದರೆ ನಾನು ಸರ್ವರಿನ ಮಾತೇ ಎತ್ತುತ್ತಿರಲಿಲ್ಲ. ಥಂಡರ್‌ಬರ್ಡ್ ಇಮೇಲ್ ತಂತ್ರಾಂಶದಲ್ಲೇ ಫೀಡ್ ಓದುವ ಸೌಲಭ್ಯವಿದೆ, ಎನ್‌ವಿಡಿಎ ಜೊತೆ ಅದು ಚೆನ್ನಾಗಿ ಹೊಂದಿಕೊಳ್ಳುತ್ತದೆ, ಒಪಿಎಂಎಲ್ ಕಡತವನ್ನೂ ತೆಗೆದುಕೊಳ್ಳುತ್ತದೆ. ಸರ್ವರ್ ಸಿದ್ಧವಾಗುವವರೆಗೆ ಅದರಲ್ಲಿ ಓದುತ್ತಿರಿ. ಆದರೆ ಮಂಡ್ಯದಲ್ಲಿ ಓದಿದ್ದು ಮೈಸೂರಿನಲ್ಲಿ ಮೊಬೈಲ್ ತೆಗೆದಾಗ ಮತ್ತೆ ಹೊಸದಾಗಿ ಕಾಣಬಾರದು ಎಂದರೆ, ಎರಡಕ್ಕೂ ನಡುವೆ ಲೆಕ್ಕವಿಡುವ ಸರ್ವರ್ ಒಂದು ಬೇಕಾಗುತ್ತದೆ.

ಮನೆಯಲ್ಲಿ ನಡೆಸಬಹುದಾದ ಉಚಿತ, ಮುಕ್ತ ತಂತ್ರಾಂಶಗಳಲ್ಲಿ ಫ್ರೆಶ್‌ಆರ್‌ಎಸ್‌ಎಸ್ ಮತ್ತು ಮಿನಿಫ್ಲಕ್ಸ್ ಹೆಚ್ಚು ಬಳಕೆಯಲ್ಲಿವೆ. ಫ್ರೆಶ್‌ಆರ್‌ಎಸ್‌ಎಸ್‌ನಲ್ಲಿ ಸೌಲಭ್ಯಗಳು ಹೆಚ್ಚು. ಫೀಡ್ ಇಲ್ಲದ ತಾಣದಿಂದಲೂ ಲೇಖನಗಳ ಪಟ್ಟಿಯನ್ನು ಹೆಕ್ಕಿ ತರಬಲ್ಲದು. ನಿಮ್ಮ ಬಳಕೆಗೆ ಮಾತ್ರ ನಾನು ಮಿನಿಫ್ಲಕ್ಸ್ ಸೂಚಿಸುತ್ತೇನೆ. ಅದರ ಪುಟಗಳಲ್ಲಿ ಅಲಂಕಾರ ಕಡಿಮೆ, ತಾನಾಗಿ ತೆರೆದುಕೊಳ್ಳುವ ಕಿಟಕಿಗಳ ಕಾಟವಿಲ್ಲ, ಮುಖ್ಯ ಪಠ್ಯಕ್ಕೆ ನೇರವಾಗಿ ಹಾರುವ ಕೊಂಡಿ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಟ್ಟಿಯಲ್ಲಿ ಪ್ರತಿ ಲೇಖನದ ಶೀರ್ಷಿಕೆಯೂ ಹೆಡಿಂಗ್ ಆಗಿಯೇ ಗುರುತಾಗಿರುತ್ತದೆ. ಹಾಗಾಗಿ ಎನ್‌ವಿಡಿಎಯ ಬ್ರೌಸ್ ಮೋಡಿನಲ್ಲಿ, ಅಂದರೆ ಪುಟವನ್ನು ಓದುತ್ತ ಓಡಾಡುವ ಸ್ಥಿತಿಯಲ್ಲಿ, ಎಚ್ ಕೀಲಿ ಒತ್ತಿದರೆ ಮುಂದಿನ ಲೇಖನ, ಶಿಫ್ಟ್ ಹಿಡಿದು ಎಚ್ ಒತ್ತಿದರೆ ಹಿಂದಿನದು. ಬೇಡವಾದ ಸುದ್ದಿಯ ಮೊದಲ ಎರಡು ಪದ ಕೇಳಿದೊಡನೆ ಎಚ್ ಒತ್ತಿ ಮುಂದಕ್ಕೆ ಹೋಗಬಹುದು. ಪತ್ರಿಕೆಯ ಮೇಲೆ ಕಣ್ಣಾಡಿಸುವ ಸುಖ ಕಿವಿಗೂ ಸಿಗುತ್ತದೆ.

ಅಳವಡಿಸಿದ ದಿನವೇ ಮಿನಿಫ್ಲಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ತೆಗೆಯಬೇಕು. ಕಣ್ಣಿರುವವರ ಅನುಕೂಲಕ್ಕೆಂದು ಅದರಲ್ಲಿ ಒಂದೊಂದೇ ಅಕ್ಷರದ ಶಾರ್ಟ್‌ಕಟ್‌ಗಳಿವೆ: ಎಂ ಒತ್ತಿದರೆ ‘ಓದಿದೆ’ ಎಂಬ ಗುರುತು, ಎಫ್ ಒತ್ತಿದರೆ ನಕ್ಷತ್ರದ ಗುರುತು, ವಿ ಒತ್ತಿದರೆ ಮೂಲ ತಾಣ ತೆರೆಯುವುದು. ಇವೇ ಅಕ್ಷರಗಳಿಗೆ ಎನ್‌ವಿಡಿಎಯಲ್ಲಿ ಬೇರೆ ಕೆಲಸಗಳಿವೆ. ಎಫ್ ಎಂದರೆ ಮುಂದಿನ ಫಾರ್ಮ್ ಫೀಲ್ಡ್, ವಿ ಎಂದರೆ ಈಗಾಗಲೇ ನೋಡಿದ ಕೊಂಡಿ. ಬ್ರೌಸ್ ಮೋಡಿನಲ್ಲಿದ್ದರೆ ಕೀಲಿಯನ್ನು ಎನ್‌ವಿಡಿಎ ಹಿಡಿದುಕೊಳ್ಳುತ್ತದೆ, ಪುಟದಲ್ಲಿ ಟೈಪ್ ಮಾಡಲೆಂದಿರುವ ಫೋಕಸ್ ಮೋಡಿಗೆ ಜಾರಿದ್ದರೆ ಅದೇ ಕೀಲಿ ಪುಟಕ್ಕೆ ಹೋಗುತ್ತದೆ. ಯಾವ ಮೋಡಿನಲ್ಲಿದ್ದೇವೆ ಎಂಬುದು ಮರೆತ ಗಳಿಗೆಯಲ್ಲಿ ಓದದ ಲೇಖನ ಓದಿದ ಲೆಕ್ಕಕ್ಕೆ ಸೇರಿ ಪಟ್ಟಿಯಿಂದ ಕಾಣೆಯಾಗುತ್ತದೆ. ಒಂದೇ ಅಕ್ಷರದ ಶಾರ್ಟ್‌ಕಟ್‌ಗಳನ್ನು ನಿಲ್ಲಿಸಲು ಅಥವಾ ಬದಲಿಸಲು ಬಳಕೆದಾರರಿಗೆ ದಾರಿಯಿರಬೇಕು ಎಂದು ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆನ್ನುವ 2018ರ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿ ಹೇಳುವುದು ಇದೇ ಕಾರಣಕ್ಕೆ. ಮಿನಿಫ್ಲಕ್ಸ್‌ನಲ್ಲಿ ಆ ದಾರಿ ಇದೆ. ಕೀಬೋರ್ಡ್ ಶಾರ್ಟ್‌ಕಟ್ ಎಂಬ ಚೆಕ್‌ಬಾಕ್ಸಿನ ಗುರುತು ತೆಗೆದು ಉಳಿಸಿ. ಮೊಬೈಲಿನಲ್ಲಿ ಬೆರಳಾಡಿಸಿ ಲೇಖನ ಬದಲಿಸುವ ಆಯ್ಕೆಗಳನ್ನೂ ಅಲ್ಲೇ ನಿಲ್ಲಿಸಿಬಿಡಿ, ಆಂಡ್ರಾಯ್ಡ್ ಮೊಬೈಲಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್‌ನ ಬೆರಳಾಟಕ್ಕೆ ಅವು ಅಡ್ಡ ಬರುವ ಸಂಭವವೇ ಬೇಡ.

ಇನ್ನು ಯಂತ್ರ. ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ. ಅದರ ಇನ್‌ಸ್ಟಾಲರ್ ಮಾತನಾಡುತ್ತದೆ: ಯುಎಸ್‌ಬಿಯಿಂದ ಆರಂಭಿಸಿ, ಮೆನು ಬಂದುದನ್ನು ತಿಳಿಸುವ ಬೀಪ್ ಕೇಳಿದ ಮೇಲೆ ಎಸ್ ಕೀಲಿ, ಆಮೇಲೆ ಎಂಟರ್ ಒತ್ತಿದರೆ ಅಲ್ಲಿಂದ ಮುಂದಿನ ಪ್ರತಿ ಪ್ರಶ್ನೆಯನ್ನೂ ಅದು ಓದಿ ಹೇಳುತ್ತದೆ. ಅಂದರೆ ಈ ಹಂತವನ್ನು ಮಗನಿಗಾಗಿ ಕಾಯದೆ ನೀವೇ ಮುಗಿಸಬಹುದು. ಎಸ್‌ಎಸ್‌ಎಚ್ ಸರ್ವರ್ ಆಯ್ಕೆಯನ್ನು ಮಾತ್ರ ಬಿಡದೆ ಸೇರಿಸಿಕೊಳ್ಳಿ. ಅದಿದ್ದರೆ ಮುಂದಿನ ಕೆಲಸಗಳನ್ನು ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂರದೆ, ನಿಮಗೆ ರೂಢಿಯಿರುವ ವಿಂಡೋಸ್ ಲ್ಯಾಪ್‌ಟಾಪಿನ ಕಮಾಂಡ್ ಕಿಟಕಿಯಿಂದ, ಎನ್‌ವಿಡಿಎ ಧ್ವನಿಯಲ್ಲೇ ಮಾಡಬಹುದು. ಮುಚ್ಚಳ ಮುಚ್ಚಿದಾಗ ಯಂತ್ರ ನಿದ್ರೆಗೆ ಹೋಗದಂತೆ ಲಾಗಿನ್‌ಡಿ ಎಂಬ ಸೆಟ್ಟಿಂಗ್ ಕಡತದಲ್ಲಿ ಒಂದು ಸಾಲು ಬದಲಿಸಬೇಕು. ಲ್ಯಾಪ್‌ಟಾಪಿನ ಬ್ಯಾಟರಿಗೆ ಇನ್ನೂ ಸ್ವಲ್ಪ ಜೀವವಿದ್ದರೆ ಕರೆಂಟು ಹೋದಾಗ ಅದೇ ಯುಪಿಎಸ್ ಆಗುತ್ತದೆ. ಆದರೆ ಬ್ಯಾಟರಿ ಉಬ್ಬಿದೆಯೇ ಎಂದು ಕೆಳಭಾಗವನ್ನು ಆಗಾಗ ಕೈಯಿಂದ ಮುಟ್ಟಿ ನೋಡಿ, ಉಬ್ಬಿದ್ದರೆ ಕೂಡಲೇ ತೆಗೆಸಿ. ರೂಟರಿಗೂ ಬ್ಯಾಕಪ್ ಬೇಕು, ಇಲ್ಲವಾದರೆ ಸರ್ವರ್ ಎಚ್ಚರವಿದ್ದೂ ಪ್ರಯೋಜನವಿಲ್ಲ. ಖರ್ಚಿನ ಲೆಕ್ಕ: ಸರಾಸರಿ 15 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ಹಗಲಿರುಳು ನಡೆದರೆ ತಿಂಗಳಿಗೆ ಸುಮಾರು 11 ಯೂನಿಟ್ ಆಗುತ್ತದೆ. ಮುಂದೆ ಎಂದಾದರೂ ರಾಸ್‌ಬೆರ್ರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತೆಗೆದುಕೊಂಡರೆ ಇದು ನಾಲ್ಕು ಯೂನಿಟ್ಟಿನ ಒಳಗೆ ಬರುತ್ತದೆ, ಆದರೆ ಅದಕ್ಕೆಂದು ಈಗಲೇ ದುಡ್ಡು ಹಾಕಬೇಕಾಗಿಲ್ಲ.

ತಂತ್ರಾಂಶ ಹಾಕಲು ಡಾಕರ್ ಕಂಪೋಸ್ ಸುಲಭ ಮಾರ್ಗ. ಒಂದೊಂದು ತಂತ್ರಾಂಶವನ್ನೂ ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ನಡೆಸುವ ಸಾಧನ ಅದು. ಮಿನಿಫ್ಲಕ್ಸ್ ಒಂದು ಕಂಟೇನರ್, ಅದರ ದತ್ತಾಂಶ ಕೂಡಿಡುವ ಪೋಸ್ಟ್‌ಗ್ರೆಎಸ್‌ಕ್ಯುಎಲ್ ಇನ್ನೊಂದು. ಎರಡನ್ನೂ ವಿವರಿಸುವ ಕಡತ ಒಂದು ಪುಟದಷ್ಟೂ ಆಗುವುದಿಲ್ಲ. ಆದರೆ ಈ ಕಡತದಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೂ ಅರ್ಥವಿರುತ್ತದೆ. ಎರಡು ಸ್ಪೇಸ್ ಇರಬೇಕಾದಲ್ಲಿ ಮೂರಿದ್ದರೆ ಇಡೀ ಕಡತ ಕೆಲಸ ಮಾಡದಿರಬಹುದು, ಟ್ಯಾಬ್ ಕೀಲಿಯಂತೂ ನಿಷಿದ್ಧ. ಕಣ್ಣಿಗೆ ಥಟ್ಟನೆ ಕಾಣುವ ಈ ತಪ್ಪನ್ನು ಕಿವಿ ಹಿಡಿಯುವುದು ಹೇಗೆ? ಎನ್‌ವಿಡಿಎ ಸೆಟ್ಟಿಂಗ್ಸ್‌ನ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ವಿಭಾಗದಲ್ಲಿ ಸಾಲಿನ ಇಂಡೆಂಟೇಶನ್ ತಿಳಿಸುವ ಆಯ್ಕೆಯಿದೆ. ಅದನ್ನು ಮಾತಿಗೆ ಹೊಂದಿಸಿದರೆ ‘2 ಸ್ಪೇಸ್’, ‘4 ಸ್ಪೇಸ್’ ಎಂದು ಹೇಳುತ್ತದೆ, ಸ್ವರಕ್ಕೆ ಹೊಂದಿಸಿದರೆ ಜಾಗ ಹೆಚ್ಚಿದಂತೆ ಸ್ವರ ಏರುತ್ತದೆ. ಕಡತವನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಮೇಲಿಂದ ಕೆಳಗೆ ಒಮ್ಮೆ ಹೀಗೆ ಕೇಳಿ, ಆಮೇಲೆ ಸರ್ವರಿಗೆ ಕಳಿಸಿ.

ಆ ಕಡತದಲ್ಲಿ ಎರಡೂ ತಂತ್ರಾಂಶಗಳ ಆವೃತ್ತಿ ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸಿ. ‘ಲೇಟೆಸ್ಟ್’ ಎಂದು ಬರೆದುಬಿಟ್ಟರೆ ಯಾವುದೋ ದಿನ ಮರು ಇಳಿಸಿಕೊಂಡಾಗ ಹೊಸ ಆವೃತ್ತಿ ಬಂದು ಕೂರುತ್ತದೆ, ಯಾವ ಬದಲಾವಣೆಯಿಂದ ನೀವು ಓಡಿಬಂದಿರೋ ಅದೇ ಮನೆಯೊಳಗೆ ಬಂದಂತಾಗುತ್ತದೆ. ಪೋಸ್ಟ್‌ಗ್ರೆಎಸ್‌ಕ್ಯುಎಲ್ ವಿಚಾರದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅದರ ಒಂದು ಪ್ರಧಾನ ಆವೃತ್ತಿ ಬರೆದಿಟ್ಟ ದತ್ತಾಂಶವನ್ನು ಮುಂದಿನ ಪ್ರಧಾನ ಆವೃತ್ತಿ ನೇರವಾಗಿ ತೆರೆಯುವುದಿಲ್ಲ. ಹಾಗೆಂದು ಹಳೆಯದನ್ನೇ ವರ್ಷಗಟ್ಟಲೆ ಇಟ್ಟುಕೊಳ್ಳುವುದೂ ಸುರಕ್ಷಿತವಲ್ಲ. ಮಗ ಮನೆಯಲ್ಲಿರುವಾಗ ದತ್ತಾಂಶದ ಪ್ರತಿ ತೆಗೆದು, ಹೊಸ ಆವೃತ್ತಿ ಹಾಕಿ, ಎಚ್ ಕೀಲಿಯಿಂದ ಲೇಖನಗಳ ನಡುವೆ ಓಡಾಡಿ, ಬಟನ್‌ಗಳ ಹೆಸರು ಕೇಳಿ ನೋಡಿ. ಸರಿಯಿಲ್ಲದಿದ್ದರೆ ಹಳೆಯ ಸಂಖ್ಯೆಯನ್ನೂ ತೆಗೆದಿಟ್ಟ ಪ್ರತಿಯನ್ನೂ ಮರಳಿ ಹಾಕಿದರಾಯಿತು. ಅಂದಹಾಗೆ, ಓದಿದ ಲೇಖನಗಳನ್ನು 60 ದಿನಗಳ ನಂತರ, ಓದದವನ್ನು 180 ದಿನಗಳ ನಂತರ ತೆಗೆದುಹಾಕುವುದು ಮಿನಿಫ್ಲಕ್ಸ್‌ನ ಪೂರ್ವನಿಯೋಜಿತ ಕ್ರಮ. ಉಳಿಸಿಕೊಳ್ಳಬೇಕಾದ ಬರಹಕ್ಕೆ ನಕ್ಷತ್ರದ ಗುರುತು ಹಾಕಿ, ಅದನ್ನು ಅದು ಮುಟ್ಟುವುದಿಲ್ಲ.

ಕನ್ನಡದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮಿನಿಫ್ಲಕ್ಸ್‌ನ ಪುಟ ತನ್ನನ್ನು ಇಂಗ್ಲಿಷ್ ಪುಟವೆಂದೇ ಘೋಷಿಸಿಕೊಳ್ಳುತ್ತದೆ, ಒಳಗಿರುವ ಲೇಖನ ಮಾತ್ರ ಕನ್ನಡದ್ದು. ಪುಟದ ಘೋಷಣೆಯನ್ನು ನಂಬಿ ಧ್ವನಿ ಬದಲಿಸುವ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ಧ್ವನಿಗೆ ಒಪ್ಪಿಸಿದರೆ ಕೇಳಲಾಗದು. ಎನ್‌ವಿಡಿಎಯ ಜೊತೆಗೇ ಬರುವ ಇಸ್ಪೀಕ್ ಎನ್‌ಜಿಯಲ್ಲಿ ಕನ್ನಡ ಧ್ವನಿಯಿದೆ. ಕಂಟ್ರೋಲ್, ಎನ್‌ವಿಡಿಎ ಕೀಲಿ ಮತ್ತು ಪಿ ಒಟ್ಟಿಗೆ ಒತ್ತಿ ‘ಕನ್ನಡ’ ಎಂಬ ಹೊಸ ಪ್ರೊಫೈಲ್ ಮಾಡಿ, ಅದರಲ್ಲಿ ಕನ್ನಡ ಧ್ವನಿಯನ್ನು ಆರಿಸಿ, ಭಾಷೆ ತಾನಾಗಿ ಬದಲಾಗುವ ಆಯ್ಕೆಯನ್ನು ತೆಗೆದು, ಪ್ರೊಫೈಲಿಗೆ ಒಂದು ಶಾರ್ಟ್‌ಕಟ್ ಕೊಡಿ. ಮಿನಿಫ್ಲಕ್ಸ್‌ನಲ್ಲೂ ಕನ್ನಡ ಫೀಡ್‌ಗಳನ್ನೆಲ್ಲ ಒಂದು ವರ್ಗಕ್ಕೆ ಸೇರಿಸಿದರೆ, ಆ ವರ್ಗ ತೆರೆದಾಗ ಒಮ್ಮೆ ಧ್ವನಿ ಬದಲಿಸಿಕೊಂಡು ಕೊನೆಯವರೆಗೆ ನಿರಾಳವಾಗಿ ಕೇಳಬಹುದು. ಫೀಡಿನಲ್ಲಿ ಎರಡೇ ಸಾಲು ಕೊಡುವ ತಾಣಗಳಿಗೆ, ಆ ಫೀಡಿನ ಸೆಟ್ಟಿಂಗ್ಸ್‌ನಲ್ಲಿ ಮೂಲ ಪಠ್ಯ ತರಿಸುವ ಆಯ್ಕೆಯನ್ನು ಗುರುತಿಸಿ. ಎಲ್ಲ ತಾಣಗಳಲ್ಲೂ ಅದು ಫಲ ಕೊಡುವುದಿಲ್ಲ, ಕೊಟ್ಟಲ್ಲಿ ಜಾಹೀರಾತಿಲ್ಲದ ಪೂರ್ಣ ಲೇಖನ ಸಿಗುತ್ತದೆ.

ಮೈಸೂರಿನಿಂದ ಓದಲು ಮನೆಯ ರೂಟರಿನಲ್ಲಿ ಬಾಗಿಲು ತೆರೆದಿಡುವ ಪೋರ್ಟ್ ಫಾರ್ವರ್ಡಿಂಗ್ ಬೇಡ. ಅದು ಅಪಾಯಕ್ಕೆ ಆಹ್ವಾನ, ಜೊತೆಗೆ ಬಹಳ ಮನೆಗಳಲ್ಲಿ ನಡೆಯುವುದೂ ಇಲ್ಲ. ರೂಟರಿನ ಪುಟದಲ್ಲಿ ಕಾಣುವ ಹೊರಗಿನ ವಿಳಾಸ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಆರಂಭವಾಗಿದ್ದರೆ, ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿದ್ದೀರಿ ಎಂದರ್ಥ. ಹೊರಗಿನಿಂದ ನಿಮ್ಮ ಮನೆಯನ್ನು ನೇರವಾಗಿ ತಲುಪಲು ಆಗುವುದಿಲ್ಲ. ಟೇಲ್‌ಸ್ಕೇಲ್ ಎಂಬ ತಂತ್ರಾಂಶವನ್ನು ಸರ್ವರಿಗೂ ಮೊಬೈಲಿಗೂ ಹಾಕಿ ಒಂದೇ ಖಾತೆಯಿಂದ ಪ್ರವೇಶಿಸಿದರೆ, ವೈರ್‌ಗಾರ್ಡ್ ಗೂಢಲಿಪಿಯ ಸುರಂಗದಲ್ಲಿ ಇವೆರಡೂ ಒಂದೇ ಮನೆಯಲ್ಲಿರುವಂತೆ ಮಾತನಾಡಿಕೊಳ್ಳುತ್ತವೆ. ಮಗನ ಲ್ಯಾಪ್‌ಟಾಪನ್ನೂ ಅದಕ್ಕೆ ಸೇರಿಸಿ. ಏನಾದರೂ ಕೆಟ್ಟರೆ ಹಬ್ಬದವರೆಗೆ ಕಾಯದೆ ಬೆಂಗಳೂರಿನಿಂದಲೇ ನೋಡುತ್ತಾರೆ. ಮೊಬೈಲಿನಲ್ಲಿ ಬೇರೆ ಆ್ಯಪ್ ಇಲ್ಲದೆ ಬ್ರೌಸರಿನಲ್ಲೇ ಮಿನಿಫ್ಲಕ್ಸ್ ತೆರೆದು ಟಾಕ್‌ಬ್ಯಾಕಿನಿಂದ ಕೇಳಿ ನೋಡಿ. ಹಿಡಿಸದಿದ್ದರೆ, ಫೀವರ್ ಅಥವಾ ಗೂಗಲ್ ರೀಡರ್ ಎಪಿಐ (ಆ್ಯಪ್ ಮತ್ತು ಸರ್ವರ್ ಮಾತನಾಡಿಕೊಳ್ಳುವ ವಿಧಾನ) ಬಲ್ಲ ಯಾವುದೇ ಆ್ಯಪನ್ನು ಇದೇ ಸರ್ವರಿಗೆ ಜೋಡಿಸಬಹುದು. ಎಲ್ಲ ಚಂದಾಗಳನ್ನೂ ಒಮ್ಮೆಲೇ ತುಂಬುವ ಬದಲು ಮೂರು ನಾಲ್ಕು ಫೀಡ್ ಹಾಕಿಕೊಂಡು ಕೆಲವು ದಿನ ಓದಿ, ದಾರಿ ಬೆರಳಿಗೆ ಹತ್ತಿದ ಮೇಲೆ ಒಪಿಎಂಎಲ್ ಕಡತವನ್ನು ಸೇರಿಸಿ.

ಪ್ರಶ್ನೆ: ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಫ್ರೆಶ್‌ಆರ್‌ಎಸ್‌ಎಸ್ ಈಗಾಗಲೇ ನಡೆಯುತ್ತಿದೆ. ನಮ್ಮ ತಂದೆಯವರಿಗೆ ದೃಷ್ಟಿ ಮಂದವಾಗಿದೆ, ಸ್ಕ್ರೀನ್ ರೀಡರ್ ಬೇಡವೆನ್ನುತ್ತಾರೆ. ಅವರಿಗೆ ಓದಲು ಬರುವಂತೆ ಹೇಗೆ ಹೊಂದಿಸುವುದು?

ಉತ್ತರ: ಮೊದಲು ಅವರ ಹೆಸರಿನಲ್ಲೇ ಬೇರೆ ಬಳಕೆದಾರ ಖಾತೆ ತೆರೆಯಿರಿ, ಆಗ ನಿಮ್ಮ ಹೊಂದಾಣಿಕೆಗಳಿಗೆ ಧಕ್ಕೆಯಿಲ್ಲ. ಲೇಖನಗಳು ಪೂರ್ತಿಯಾಗಿ ಬಿಚ್ಚಿಕೊಂಡಿರುವ ಓದುವ ನೋಟವನ್ನು ಅವರಿಗೆ ಆರಂಭದ ಪುಟವಾಗಿ ಇಡಿ. ಪುಟ ಸರಿದಂತೆ ಲೇಖನವನ್ನು ‘ಓದಿದೆ’ ಎಂದು ಗುರುತಿಸುವ ಆಯ್ಕೆಯನ್ನು ತೆಗೆಯಿರಿ; ಹಿಗ್ಗಿಸಿದ ಪರದೆಯಲ್ಲಿ ಸಾಲು ಹುಡುಕಲು ಮೇಲೆ ಕೆಳಗೆ ಸರಿಸುವಾಗ ಓದದವೂ ಹೊರಟುಹೋಗುತ್ತವೆ. ಬ್ರೌಸರಿನಲ್ಲಿ ಕಂಟ್ರೋಲ್ ಹಿಡಿದು ಪ್ಲಸ್ ಒತ್ತುತ್ತ ಅಕ್ಷರ ಹಿಗ್ಗಿಸಬಹುದು ಎಂಬುದು ನಿಮಗೆ ಗೊತ್ತಿರಬಹುದು, ಆದರೆ ಕನ್ನಡಕ್ಕೆ ಅಷ್ಟೇ ಸಾಲದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದಂತೆ ಕಾಣುತ್ತದೆ; ಮಂದ ದೃಷ್ಟಿಗೆ ಅಲ್ಲೇ ಎರಡು ಸಾಲು ಬೆರೆತುಹೋಗುತ್ತವೆ. ಪುಟದ ನೋಟವನ್ನು ನಮಗೆ ಬೇಕಾದಂತೆ ಬದಲಿಸಲು ಬಿಡುವ ಯೂಸರ್ ಸಿಎಸ್‌ಎಸ್ ಎಂಬ ವಿಸ್ತರಣೆಯನ್ನು ಹಾಕಿ ಸಾಲಿನ ಅಂತರವನ್ನು ಅಕ್ಷರಗಾತ್ರದ 1.8ರಷ್ಟಕ್ಕೆ ಏರಿಸಿ, ನೋಟೋ ಸ್ಯಾನ್ಸ್ ಕನ್ನಡದಂಥ ಸಮ ದಪ್ಪದ ಫಾಂಟ್ ಕೊಡಿ. ಬಣ್ಣವನ್ನು ಮಾತ್ರ ನೀವು ನಿರ್ಧರಿಸಬೇಡಿ. ಕಪ್ಪು ಹಿನ್ನೆಲೆ ಕೆಲವರ ಕಣ್ಣಿಗೆ ಹಿತ, ಕೆಲವರಿಗೆ ಅಕ್ಷರ ಹರಡಿದಂತೆ ಕಾಣುತ್ತದೆ. ಒಂದೇ ಲೇಖನವನ್ನು ಬೆಳಗಿನ ಬೆಳಕಿನಲ್ಲೂ ರಾತ್ರಿ ದೀಪದ ಬೆಳಕಿನಲ್ಲೂ ಎರಡು ಬಣ್ಣಗಳಲ್ಲಿ ತೋರಿಸಿ, ಯಾವುದು ಬೇಕೆಂದು ಅವರನ್ನೇ ಕೇಳಿ.