ಜೀನ್ ಪರೀಕ್ಷೆಯಲ್ಲಿ ‘ಇಲ್ಲ’ ಎಂದು ಬಂದರೆ ಲೂಪಸ್ ಭಯ ಬಿಡಬಹುದೇ?

ಅಕ್ಕನಿಗೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇದೆ, ಅಮೆರಿಕದಲ್ಲಿ ಎಂಜಲು ಕೊಟ್ಟು ಮಾಡಿಸಿದ ಪರೀಕ್ಷೆಯಲ್ಲಿ ಲೂಪಸ್ ಸಾಧ್ಯತೆ ಹೆಚ್ಚಿಸುವ ಪಿಟಿಪಿಎನ್22 ಜೀನಿನ ರೂಪಾಂತರ ನಿಮಗೆ ‘ಇಲ್ಲ’ ಎಂದು ಬಂದಿದೆ, ಇನ್ನು ನಿಶ್ಚಿಂತೆಯೇ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದಿಂದ ಲೂಪಸ್ ಜೊತೆ ಸಂಸಾರ ಮಾಡುತ್ತಿರುವವಳು ನಾನು. ಆ ‘ಇಲ್ಲ’ವನ್ನು ನಾನಾದರೆ ಅಷ್ಟಾಗಿ ನಂಬುವುದಿಲ್ಲ.

ಆ ರೂಪಾಂತರ ಯುರೋಪ್ ಮೂಲದವರಲ್ಲಿ ಸಾಮಾನ್ಯ, ಹಾಗಾಗಿ ಅವರ ಮಟ್ಟಿಗೆ ಅದನ್ನು ಹುಡುಕುವುದರಲ್ಲಿ ಅರ್ಥವಿದೆ. ಚೀನಾ, ಜಪಾನಿನವರಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಲೂಪಸ್ ಮಾತ್ರ ಅಲ್ಲೇನೂ ಕಮ್ಮಿಯಿಲ್ಲ. ನಮ್ಮವರಲ್ಲೂ ಅಪರೂಪವೇ. ನನ್ನ ರಿಪೋರ್ಟಿನಲ್ಲೂ ‘ಇಲ್ಲ’ ಅಂತಲೇ ಇತ್ತು, ಲೂಪಸ್ ಕಿಡ್ನಿಗೆ ತಟ್ಟಿದ ಗುರುತಾದ ಪ್ರೋಟೀನ್ ಮಾತ್ರ ಮೂತ್ರದಲ್ಲಿ ಧಾರಾಳವಾಗಿತ್ತು!

ಎಸ್‌ಟಿಎಟಿ4, ಐಆರ್‌ಎಫ್5 ಥರದ ಜೀನುಗಳ ಪಾತ್ರ ಬಹುತೇಕ ಎಲ್ಲ ಜನರಲ್ಲೂ ಕಂಡಿದೆ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಎರಡು. ಎಫ್‌ಸಿಜಿಆರ್2ಬಿ ಜೀನಿನ ಒಂದು ರೂಪಾಂತರ ಆಫ್ರಿಕಾ, ಏಷ್ಯಾದವರಲ್ಲಿ ಬಿಳಿಯರಿಗಿಂತ ಹೆಚ್ಚು. ರೋಗನಿರೋಧಕ ಕಣಗಳಿಗೆ ಇರಬೇಕಾದ ಕಡಿವಾಣವನ್ನು ಅದು ಸಡಿಲಿಸುತ್ತದೆ. ಮಲೇರಿಯಾ ಬಂದಾಗ ಅದೇ ವರ. ಕೀನ್ಯಾದ ಮಕ್ಕಳಲ್ಲಿ ತೀವ್ರ ಮಲೇರಿಯಾದಿಂದ ರಕ್ಷಣೆ ಕೊಡುವುದು ಕಂಡುಬಂದಿದೆ. ಆದರೆ ಅದೇ ಸಡಿಲ ಕಡಿವಾಣ ಲೂಪಸ್‌ಗೆ ದಾರಿ. ಎರಡನೆಯದು ಎಪಿಒಎಲ್1. 2010ರಲ್ಲಿ ಗುರುತಿಸಿದ ಇದರ ರೂಪಾಂತರಗಳು ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಹೆಚ್ಚು, ನಿದ್ರಾರೋಗದ ಪರಾವಲಂಬಿಯನ್ನು ಎದುರಿಸಲು ಬೆಳೆದವು. ಆಫ್ರಿಕನ್ ಅಮೆರಿಕನ್ನರಲ್ಲಿ ಸುಮಾರು ನೂರಕ್ಕೆ 13 ಮಂದಿಗೆ ತಾಯಿ, ತಂದೆ ಇಬ್ಬರಿಂದಲೂ ಬಂದಿರುತ್ತವೆ. ಇವು ಲೂಪಸ್ ತರುವುದಿಲ್ಲ, ಬಂದ ಮೇಲೆ ಕಿಡ್ನಿಯನ್ನು ಬೇಗ ಕೆಡಿಸುತ್ತವೆ. ಹಾಗಂತ ಅಲ್ಲಿನ ಕಪ್ಪು ಹೆಂಗಸರ ಕಷ್ಟವನ್ನೆಲ್ಲ ಜೀನಿನ ತಲೆಗೆ ಕಟ್ಟುವವರನ್ನು ಕಂಡರೆ ನನಗಾಗದು. ಇನ್ಶೂರೆನ್ಸ್ ಇಲ್ಲದೆ ತಡವಾಗಿ ಆಸ್ಪತ್ರೆ ಸೇರುವುದು ಯಾವ ಜೀನಿನ ತಪ್ಪು?

ಬಿಳಿಯರಿಗಿಂತ ನಮಗೆ ಜಾಸ್ತಿಯೇ ಅಂದರೆ, ಬ್ರಿಟನ್ನಿನ ಲೆಕ್ಕದಲ್ಲಿ ಹೌದು: ಕೆರಿಬಿಯನ್ ಮೂಲದ ಕಪ್ಪು ಜನರ ನಂತರ ಉಪಖಂಡದವರೇ. ಆದರೂ ಒಬ್ಬರ ಹಣೆಬರಹವನ್ನು ಇದರಿಂದ ಓದಲಾಗದು. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಲೂಪಸ್ ಇದ್ದರೆ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕರಲ್ಲೊಂದು ಜೋಡಿಯಲ್ಲಿ ಮಾತ್ರ.

ತೊಂದರೆಯಿಲ್ಲದೆ ಲೂಪಸ್ ಸುಳಿವು ಹುಡುಕುವ ರಕ್ತದ ಎಎನ್‌ಎ ಟೆಸ್ಟ್ ಮಾಡಿಸಬೇಡಿ, ಆರೋಗ್ಯವಂತರಲ್ಲೂ ಪಾಸಿಟಿವ್ ಬಂದು ನಿದ್ದೆ ಕೆಡುತ್ತದೆ. ಬೆಳಿಗ್ಗೆ ಬೆರಳು ಮಡಚಲಾಗದಿದ್ದರೆ, ಬಿಸಿಲಿಗೆ ಹೋದರೆ ಮುಖದಲ್ಲಿ ಕೆಂಪು ದದ್ದು ಎದ್ದರೆ, ಮೂತ್ರ ನೊರೆನೊರೆಯಾದರೆ ರುಮಟಾಲಜಿಸ್ಟ್ (ಕೀಲುನೋವು, ಲೂಪಸ್ ಥರದ ಕಾಯಿಲೆಗಳ ವೈದ್ಯರು) ಹತ್ತಿರ ಹೋಗಿ. ‘ಅಕ್ಕನಿಗೆ ಲೂಪಸ್’ ಅನ್ನುವುದನ್ನು ಮೊದಲೇ ಹೇಳಿ. ಆ ಎಂಜಲಿನ ರಿಪೋರ್ಟ್ ಮನೆಯಲ್ಲೇ ಇರಲಿ.